ಬಳ್ಳಾರಿ ಬಿಸಿಲಿನಲ್ಲಿ ಹಳೇ ಯೆಜ್ಡಿ ಸಾಕುವ ಬಗೆ

ಹಳೇ ಯೆಜ್ಡಿ ಬೈಕ್ ತಗೋಬೇಕು ಅಂತ ಸಲಹೆ ಕೇಳುವವರಿಗೆ ನಾನು ಕೇಳುವುದು ಒಂದೇ: ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ? ಇಲ್ಲ ಅಂದರೆ ಬೇಡ. ಬೆಳಿಗ್ಗೆ ಮಗುವನ್ನು ಸ್ಕೂಲಿಗೆ ಬಿಡಬೇಕು, ಒಂಬತ್ತಕ್ಕೆ ಡ್ಯೂಟಿ ಅನ್ನುವವರ ಗಾಡಿ ಅಲ್ಲ ಇದು. ಇದೆ ಅಂದರೆ ಕೂತು ಮಾತಾಡೋಣ.

ನನ್ನದು ಜೀನ್ಸ್ ಕೆಲಸ. ಕಟಿಂಗ್ ಆದ ಬಟ್ಟೆಯ ಗಂಟನ್ನು ಬಳ್ಳಾರಿಯ ಕೌಲ್ ಬಜಾರ್ ಸುತ್ತಮುತ್ತ ಹೊಲಿಯುವವರ ಮನೆಗಳಿಗೆ ಮುಟ್ಟಿಸುವುದು, ಹೊಲಿದ ಪ್ಯಾಂಟು ವಾಪಸ್ ತರುವುದು. ಹಿಂದಿನ ಸೀಟಿನ ಮೇಲೆ ಎದೆಮಟ್ಟ ಗಂಟು ಕಟ್ಟಿದರೂ ಈ ಗಾಡಿ ಏದುಸಿರು ಬಿಡುವುದಿಲ್ಲ. 250 ಸಿಸಿ, ಟೂ ಸ್ಟ್ರೋಕ್, ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ನನ್ನದು ಪಾಯಿಂಟ್ (ಕಿಡಿ ಹಾರಿಸಲು ತೆರೆದು ಮುಚ್ಚುವ ಸಣ್ಣ ಸ್ವಿಚ್ಚು) ಇರುವ, 6 ವೋಲ್ಟ್ ಬ್ಯಾಟರಿಯ ಹಳೇ ಮಾದರಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ 1996ಕ್ಕೆ ಬಾಗಿಲು ಹಾಕಿತು. ತೀರಾ ಕೊನೆಗೆ ಹೊರಬಂದ ಗಾಡಿಗೂ ಈಗ ಮೂವತ್ತರ ಹತ್ತಿರದ ವಯಸ್ಸು. 2022ರಲ್ಲಿ ಬಂದ ಹೊಸ ಯೆಜ್ಡಿ ಬೇರೆಯದೇ ಜಾತಿ: ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್. ಅದಕ್ಕೆ ನನ್ನ ಮಾತು ಯಾವುದೂ ಅನ್ವಯಿಸದು.

ಮೊದಲು ಸ್ಟಾರ್ಟ್ ಮಾಡುವುದು. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಕಡ್ಡಿ, ಎಡಗಡೆ ಇರುತ್ತದೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಇಳಿಸಿದರೆ ಗೇರ್. ರಾತ್ರಿಯೆಲ್ಲಾ ನಿಂತ ಗಾಡಿಗೆ ಪೆಟ್ರೋಲ್ ಕಾಕ್ ತೆಗೆದು, ಕಾರ್ಬುರೇಟರ್ ಮೇಲಿನ ಟಿಕ್ಲರ್ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ. ಚಾವಿ ಹಾಕದೆಯೇ ಒಂದೆರಡು ಸಲ ನಿಧಾನ ತುಳಿಯಿರಿ. ಆಮೇಲೆ ಚಾವಿ, ಆಮೇಲೆ ಒಂದು ಗಟ್ಟಿ ಕಿಕ್. ಓಡಿ ಬಂದು ಬಿಸಿಯಾದ ಗಾಡಿಗೆ ಮಾತ್ರ ಟಿಕ್ಲರ್ ಮುಟ್ಟಲೇಬೇಡಿ. ಮುಟ್ಟಿದರೆ ಎಂಜಿನ್ ಪೆಟ್ರೋಲ್ ಕುಡಿದು ಕೂರುತ್ತದೆ. ಹಾಗೇನಾದರೂ ಆದರೆ ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ತುಳಿಯುತ್ತಾ ಇರಿ. ಒಳಗಿನ ಪೆಟ್ರೋಲ್ ಹೊರಗೆ ಹೋದ ಮೇಲೆ ಕೆಮ್ಮಿ ಎದ್ದೇಳುತ್ತದೆ.

ಎದ್ದೇಳಲಿಲ್ಲವೇ? ಇಲ್ಲಿಂದಲೇ ಎಲ್ಲರೂ ದಾರಿ ತಪ್ಪುವುದು. ಒಬ್ಬ ಕಾರ್ಬುರೇಟರ್ ಬಿಚ್ಚು ಅನ್ನುತ್ತಾನೆ, ಇನ್ನೊಬ್ಬ ಬೋರ್ ಹೋಗಿದೆ, ಅಂದರೆ ಸಿಲಿಂಡರ್ ಒಳಗೆ ಸವೆದಿದೆ ಅನ್ನುತ್ತಾನೆ. ಯಾರ ಮಾತೂ ಕೇಳಬೇಡಿ, ಕ್ರಮ ಬಿಡಬೇಡಿ. ಮೊದಲು ಕಿಡಿ, ಆಮೇಲೆ ಪೆಟ್ರೋಲ್, ಕೊನೆಗೆ ಗಾಳಿ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಒಂದು ಬಟ್ಟೆಯ ಮೇಲೆ ಇಡುತ್ತಾ ಹೋಗಿ. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಅನ್ನುವುದೇ ಗೊತ್ತಾಗದೆ ಮುಂದಿನ ವಾರ ಮತ್ತೆ ಅಲ್ಲೇ ನಿಲ್ಲುತ್ತೀರಿ.

ಕಿಡಿ ನೋಡಲು ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಎಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ಗಿನ ರಂಧ್ರದಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ನೀಲಿ ಕಿಡಿ ಚಟ್ ಅಂತ ಹಾರಿದರೆ ಸರಿ, ಹಳದಿ ಬಡಕಲು ಕಿಡಿಯಾದರೆ ಮುಂದೆ ಹುಡುಕಬೇಕು. ಪ್ಲಗ್ಗಿನ ತುದಿಯ ಬಣ್ಣವನ್ನೂ ನೋಡಿಕೊಳ್ಳಿ. ಕಾಫಿಪುಡಿ ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒದ್ದೆ ಕಪ್ಪು ಇದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಬೂದಿಯಂತೆ ಬಿಳಿಚಿಕೊಂಡಿದ್ದರೆ ಭಯಪಡಿ, ಎಂಜಿನ್ ಪೆಟ್ರೋಲ್ ಸಾಲದೆ ಒಣಗಿ ಓಡುತ್ತಿದೆ ಅಂತ ಅರ್ಥ. ಒಮ್ಮೊಮ್ಮೆ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಕಾರ್ಬನ್ ಸೇತುವೆ ಕಟ್ಟಿಕೊಂಡಿರುತ್ತದೆ. ಓಡುತ್ತಿದ್ದ ಗಾಡಿ ಫಟ್ ಅಂತ ನಿಂತರೆ ಮೊದಲು ನೋಡಬೇಕಾದ್ದು ಅದನ್ನೇ. ಉಗುರಿನಿಂದ ಕೆರೆದರೆ ಮುಗಿಯಿತು. ಅಷ್ಟಕ್ಕೇ ಟೆಂಪೋದಲ್ಲಿ ಹಾಕಿಕೊಂಡು ಬಂದವರನ್ನು ಕಂಡಿದ್ದೇನೆ.

ಪಾಯಿಂಟ್ ಇರುವುದು ಬಲಗಡೆ, ಡೈನಮೋ ಕವರಿನ ಒಳಗೆ. ಈ ಊರಿನ ಧೂಳು ಎಲ್ಲಿಗೂ ನುಗ್ಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರು ಧೂಳಂತೂ ಕವರಿನ ಸಂದಿಯಲ್ಲಿ ಕುಂಕುಮದಂತೆ ಕೂತಿರುತ್ತದೆ. ಕವರ್ ತೆಗೆದು, ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ. ಅಲ್ಲಿ 0.4 ಮಿಲಿಮೀಟರ್ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತುಸು ಹಿಡಿದಂತೆ ಜಾರಬೇಕು. ಸಲೀಸಾಗಿ ಹೋದರೆ ಗ್ಯಾಪ್ ಜಾಸ್ತಿ, ಹೋಗದಿದ್ದರೆ ಕಡಿಮೆ. ಗೇಜ್ ಇಲ್ಲ ಅಂತ ಬ್ಲೇಡು, ಬೀಡಿ ಕಟ್ಟಿನ ಕಾಗದ ಇಟ್ಟು ಗ್ಯಾಪ್ ಮಾಡುವ ಮೇಸ್ತ್ರಿಗಳಿದ್ದಾರೆ. ಗೇಜ್ ತರುವ ದುಡ್ಡು ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿಗಿಂತ ಬಹಳವೇನಲ್ಲ, ತಂದಿಟ್ಟುಕೊಳ್ಳಿ. ಪಾಯಿಂಟ್ ಕಪ್ಪಾಗಿದ್ದರೆ ನಯವಾದ ಎಮರಿ ಕಾಗದದಿಂದ ಒಂದೆರಡು ಎಳೆತ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿ ತೂರಿಸಿ ಎಳೆಯಬೇಕು. ನಾನು ಜೀನ್ಸ್ ಚಿಂದಿಯನ್ನೇ ಬಳಸುವುದು, ನಮ್ಮಲ್ಲಿ ಅದಕ್ಕೇನು ಬರ? ಆದರೆ ಅಂಚಿನ ನೂಲು ಕತ್ತರಿಸಿಯೇ ಬಳಸಿ. ಒಂದು ಎಳೆ ಪಾಯಿಂಟ್ ನಡುವೆ ಉಳಿದರೂ ಕಿಡಿ ಸತ್ತಿತು.

ಇನ್ನು ಈ ಊರಿನದೇ ಆದ ಒಂದು ಕಾಯಿಲೆ. ಬೆಳಿಗ್ಗೆ ಗಾಡಿ ಹುಲಿ. ಏಪ್ರಿಲ್-ಮೇ ಮಧ್ಯಾಹ್ನ, ನಲವತ್ತು ಡಿಗ್ರಿ ದಾಟಿದಾಗ, ಸುಧಾ ಕ್ರಾಸ್ ಗೇಟಿನಲ್ಲಿ ರೈಲಿಗೆ ಕಾದು ಹೊರಡುವಷ್ಟರಲ್ಲಿ ಆಫ್. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಮತ್ತೆ ಸ್ಟಾರ್ಟ್. ಹತ್ತರಲ್ಲಿ ಎಂಟು ಮಂದಿ ಕಾರ್ಬುರೇಟರನ್ನು ಬೈಯುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ, ಆಮೇಲೆ ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಇಗ್ನಿಷನ್ ಕಾಯಿಲ್ ಮೇಲೆ. ತಣ್ಣಗಿರುವಾಗ ಎರಡೂ ಚೆನ್ನಾಗಿ ನಟಿಸುತ್ತವೆ, ಬಿಸಿಯಾದಾಗಲೇ ಬಣ್ಣ ಬಯಲು. ಆದ್ದರಿಂದ ಪರೀಕ್ಷೆಯನ್ನು ನಿಂತ ಕ್ಷಣವೇ ಮಾಡಬೇಕು, ಶೆಡ್ಡಿಗೆ ತಳ್ಳಿಕೊಂಡು ಹೋದ ಮೇಲಲ್ಲ. ನೆರಳಿಗೆ ಸರಿದು ಕವರ್ ತೆಗೆದು ಕಿಕ್ ಹೊಡೆಯುವಾಗ ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಸ್ವಚ್ಛವಾಗಿದ್ದು ಪ್ಲಗ್ಗಿನ ಕಿಡಿ ಮಾತ್ರ ಸತ್ತಿದ್ದರೆ ಕಾಯಿಲ್ ಬದಲಿಸಿ ನೋಡಿ. ಬ್ಯಾಟರಿಯನ್ನೂ ಮರೆಯಬೇಡಿ. ಈ ಮಾದರಿಗೆ ಕಿಡಿ ಬರುವುದೇ ಬ್ಯಾಟರಿಯಿಂದ, ಅದು ಪೂರ್ತಿ ಸತ್ತರೆ ಊರೆಲ್ಲಾ ತಳ್ಳಿದರೂ ಎದ್ದೇಳದು. ಬೇಸಿಗೆಯಲ್ಲಿ ಅದರ ನೀರು ಬೇಗ ಆರುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕುತ್ತಿರಿ. ವೇಗ ಏರಿಸಿದಾಗಲೂ ಚಾರ್ಜಿಂಗ್ ದೀಪ ಕೆಂಪಾಗೇ ಉಳಿದರೆ ಡೈನಮೋ ಬ್ರಷ್ ಅಥವಾ ರೆಗ್ಯುಲೇಟರ್ ಕಡೆ ತಿರುಗಿ.

ಎಣ್ಣೆಯ ವಿಷಯಕ್ಕೆ ಬರೋಣ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಬೆರೆಸುವ ಒಳ್ಳೆಯ 2ಟಿ ಎಣ್ಣೆ ಲೀಟರ್ ಪೆಟ್ರೋಲಿಗೆ 30 ಮಿಲಿ ನನ್ನ ಲೆಕ್ಕ. ಗಂಟು ಹೊತ್ತು ಬಿಸಿಲಲ್ಲಿ ಸುತ್ತುವ ದಿನಗಳಲ್ಲಿ 35, 40. ಹೊಗೆ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ಎಣ್ಣೆ ಉಳಿಸಲು ಹೋಗಿ ಪಿಸ್ಟನ್ ಕಳೆದುಕೊಂಡವರು ಲಾಭ ಮಾಡಿದ್ದನ್ನು ನೋಡಿಲ್ಲ. ಬಂಕಿನಲ್ಲಿ ಮೊದಲು ಎಣ್ಣೆ ಸುರಿದು ಅದರ ಮೇಲೆ ಪೆಟ್ರೋಲ್ ಹಾಕಿಸಿ, ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ರಾತ್ರಿ ನಿಲ್ಲಿಸುವಾಗ ಕಾಕ್ ಮುಚ್ಚಿ.

ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಈ ಗಾಡಿ ಹುಟ್ಟಿದ ಕಾಲಕ್ಕೆ ಅಂಥದ್ದು ಯಾರೂ ಊಹಿಸಿರಲಿಲ್ಲ. ಹಳೇ ರಬ್ಬರ್ ಪೈಪು, ವಾಷರ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ಕೂಡಿದ ಪೆಟ್ರೋಲಿನಲ್ಲಿ ಗಾಳಿಯ ಪಾಲು ಹೆಚ್ಚಾಗಿ ಮಿಶ್ರಣ ತೆಳುವಾಗುವುದರಿಂದ ಎಂಜಿನ್ ಬಿಸಿ ಏರುತ್ತದೆ. ಪ್ಲಗ್ ಬಿಳಿಚಿದರೆ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಒಂದು ನಂಬರ್ ದೊಡ್ಡದು ಹಾಕಿಸಿ. ಪೈಪು ಎಥನಾಲ್ ತಾಳುವಂಥದ್ದೇ ಇರಲಿ. ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ ಅಂದರೆ ಕಾಕ್ ಮುಚ್ಚಿ, ಕಾರ್ಬುರೇಟರ್ ಬರಿದಾಗಿ ಗಾಡಿ ತಾನೇ ನಿಲ್ಲುವವರೆಗೆ ಓಡಿಸಿ ಬಿಡಿ.

ಪಿಸ್ಟನ್ ಕಚ್ಚುವುದು, ಅಂದರೆ ಬಿಸಿಗೆ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುವುದು, ಈ ಗಾಡಿಯ ದೊಡ್ಡ ಆಪತ್ತು. ಏರಿನಲ್ಲಿ ಕಚ್ಚೀತು ಅಂತ ಎಲ್ಲರಿಗೂ ಭಯ. ಇಳಿಜಾರಿನ ಭಯ ಯಾರಿಗೂ ಇರುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಸಂಡೂರು ಗುಡ್ಡ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಒಳಗೆ ಎಣ್ಣೆ ಮಾತ್ರ ಹೋಗದು. ನಡುನಡುವೆ ಕ್ಲಚ್ ಹಿಡಿದು ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ನೇರ ರಸ್ತೆಯಲ್ಲಿ ಓಡುವಾಗ ಸದ್ದು ಒಣಗಿದಂತಾಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ಕುಸಿದರೆ ಯೋಚಿಸುತ್ತಾ ಕೂರಬೇಡಿ, ಕ್ಲಚ್ ಹಿಡಿದುಬಿಡಿ. ಅದಕ್ಕೇ ಎಡಗೈಯ ಎರಡು ಬೆರಳು ಯಾವಾಗಲೂ ಲಿವರ್ ಮೇಲಿರಬೇಕು. ಪಕ್ಕಕ್ಕೆ ನಿಲ್ಲಿಸಿ ತಾನಾಗೇ ತಣ್ಣಗಾಗಲು ಬಿಡಿ. ಕಾದ ಸಿಲಿಂಡರಿಗೆ ನೀರು ಎರಚುವ ಬುದ್ಧಿವಂತರು ಓಡಿ ಬರುತ್ತಾರೆ, ತಡೆಯಿರಿ.

ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ, ಮೈಲೇಜ್ ಬಿದ್ದಿದೆ, ಕಿಡಿ ಪೆಟ್ರೋಲ್ ಎರಡೂ ಸರಿ ಇವೆ ಅಂದರೆ ಸೈಲೆನ್ಸರ್ ಕಟ್ಟಿದೆ. ಬಾಲದ ಕಡೆ ನಟ್ ಬಿಚ್ಚಿದರೆ ಒಳಗಿನ, ಸದ್ದು ತಗ್ಗಿಸುವ ಬ್ಯಾಫಲ್ ಕೊಳವೆ ಹೊರಗೆ ಬರುತ್ತದೆ, ಟಾರಿನಂಥ ಕರಿ ಮೆತ್ತಿಕೊಂಡು. ನಮ್ಮ ಕಡೆ ಹತ್ತಿ ಕಟ್ಟಿಗೆಗೆ ಕೊರತೆಯಿಲ್ಲ. ಅಂಗಳದಲ್ಲಿ ಬೆಂಕಿ ಹಾಕಿ ಅದರಲ್ಲಿ ಚೆನ್ನಾಗಿ ಸುಟ್ಟು, ತಣಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ. ಮನೆಯವರು ಬಟ್ಟೆ ಒಣಹಾಕಿರುವ ಹೊತ್ತು ಬೇಡ. ಪೈಪು ಬಿಚ್ಚಿದಾಗ ಸಿಲಿಂಡರಿನ ಎಕ್ಸಾಸ್ಟ್ ಬಾಯಿಯನ್ನೂ ನೋಡಿ. ಪಿಸ್ಟನ್ ಆ ಬಾಯಿಯನ್ನು ಪೂರ್ತಿ ಮುಚ್ಚುವಂತೆ ನಿಲ್ಲಿಸಿಕೊಂಡು ಬಿದಿರು ಚಕ್ಕೆಯಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಹುಡುಗರು ಸದ್ದಿಗೋಸ್ಕರ ಬ್ಯಾಫಲ್ಲೇ ತೆಗೆದು ಬಿಸಾಕುತ್ತಾರೆ. ಬೀದಿ ನಡುಗುತ್ತದೆ ನಿಜ, ಗಂಟು ಹೇರಿದಾಗ ಎಳೆತ ಸತ್ತುಹೋಗಿರುತ್ತದೆ. ಬ್ಯಾಫಲ್ ಇರುವ ಯೆಜ್ಡಿಯ ಡಬ್-ಡಬ್‌ಗೇನು ಕಮ್ಮಿ? ಆ ಸದ್ದು ಕೇಳಿಯೇ ಗಡಿಗಿ ಚೆನ್ನಪ್ಪ ಸರ್ಕಲ್ಲಿನಲ್ಲಿ ಪೊಲೀಸಪ್ಪನೊಬ್ಬ ಕೈ ಅಡ್ಡ ಹಾಕಿದ. ಕಾಗದ ತೆಗೆಯಲು ಹೊರಟರೆ, “ಅದೆಲ್ಲಾ ಇರ್ಲಿ ಬಿಡ್ರಿ, ಎಷ್ಟಕ್ಕೆ ಕೊಡ್ತೀರಿ ಹೇಳ್ರಿ” ಅಂದ. ಟೀ ಅಂಗಡಿ ಮುಂದೆ ನಿಲ್ಲಿಸಿದರೆ ಸಾಕು, ಯಾರೋ ಹಿರಿಯರು ಬಂದು ಟ್ಯಾಂಕ್ ಸವರುತ್ತಾರೆ. ತಮ್ಮ ಮದುವೆ, ತಮ್ಮ ನೌಕರಿ, ಹಗರಿ ಹೊಳೆ ಸೇತುವೆ, ಎಲ್ಲಾ ಅಲ್ಲೇ ಬಿಚ್ಚುತ್ತಾರೆ. ಅವಸರವಿದ್ದ ದಿನ ಗಾಡಿಯನ್ನು ಅಂಗಡಿಯ ಹಿಂದೆ ನಿಲ್ಲಿಸಿ.

ಕ್ರ್ಯಾಂಕಿನ (ಎಂಜಿನ್ ಒಳಗೆ ತಿರುಗುವ ದಂಡ) ಎರಡೂ ತುದಿಯಲ್ಲಿ ಎಣ್ಣೆ, ಗಾಳಿ ತಡೆಯುವ ಆಯಿಲ್ ಸೀಲು ಬದಲಿಸುವುದು ಮಾತ್ರ ಮನೆಯಲ್ಲಿ ಮಾಡುವ ಕೆಲಸವಲ್ಲ, ಆದರೆ ರೋಗ ಗುರುತಿಸುವುದು ನಿಮ್ಮ ಕೈಯಲ್ಲಿದೆ. ಬಿಳಿ ಹೊಗೆ ನಿಲ್ಲುತ್ತಲೇ ಇಲ್ಲ, ಹೊರಗೆ ಸೋರಿಕೆ ಇಲ್ಲದೆಯೇ ಗೇರ್ ಆಯಿಲ್ ಇಳಿಯುತ್ತಿದೆ ಅಂದರೆ ಎಡಗಡೆಯ, ಅಂದರೆ ಕ್ಲಚ್ ಕಡೆಯ ಸೀಲು ಹೋಗಿದೆ, ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇದ್ದರೆ ಡೈನಮೋ ಕಡೆಯ ಸೀಲಿನಿಂದ ಗಾಳಿ ನುಗ್ಗುತ್ತಿರಬಹುದು. ಮೇಸ್ತ್ರಿಗೆ ಇಷ್ಟನ್ನು ಹೇಳಿಯೇ ಗಾಡಿ ಬಿಡಿ. ಹೇಳದಿದ್ದರೆ ಬೋರ್, ಪಿಸ್ಟನ್ ಅಂತ ಬಿಲ್ಲು ಬೆಳೆಯುತ್ತದೆ.

ಮೇಸ್ತ್ರಿಯನ್ನು ಹುಡುಕುವಾಗ ಬೋರ್ಡು ನೋಡಬೇಡಿ, ಶೆಡ್ಡಿನ ಮೂಲೆ ನೋಡಿ. ಅಲ್ಲೊಂದು ಬಿಚ್ಚಿದ ಯೆಜ್ಡಿಯೋ ಜಾವಾವೋ ಇದ್ದರೆ ನಂಬಬಹುದು. ಕಂಡೆನ್ಸರ್, ಪಾಯಿಂಟ್, ಕ್ಲಚ್ ಕೇಬಲ್ಲಿನ ನಕಲು ಮಾಲು ಎಲ್ಲೆಡೆ ಸಿಗುತ್ತದೆ. ಹೊಸದು ಅಂತ ಹಾಕಿದ ನಕಲು ಕಂಡೆನ್ಸರಿಗಿಂತ ಗುಜರಿಯಲ್ಲಿ ಸಿಕ್ಕ ಅಸಲಿ ಹಳೆಯದೇ ಎಷ್ಟೋ ಸಲ ವಾಸಿ. ಬೆಂಗಳೂರಿಗೆ ಹೋದವರು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸೀಟಿನ ಕೆಳಗೆ ಎರಡು ಪ್ಲಗ್, ಪ್ಲಗ್ ಪಾನಾ, ಕಂಡೆನ್ಸರ್, ಫ್ಯೂಸ್, ಕ್ಲಚ್ ಕೇಬಲ್, ಸಣ್ಣ ಬಾಟಲಿ ಎಣ್ಣೆ ಸದಾ ಇರಲಿ.

ಕಾಗದಪತ್ರ: ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಳ್ಳುವ ಮೊದಲು ಎಂಜಿನ್, ಚಾಸಿಸ್ ನಂಬರುಗಳನ್ನು ಆರ್‌ಸಿಯ ಜೊತೆ ಬೆರಳಿಟ್ಟು ತಾಳೆ ನೋಡಿ. ಎಂಜಿನ್ ಅದಲುಬದಲಾದ ಗಾಡಿಗಳೇ ಹೆಚ್ಚು. ಐವತ್ತು ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು ಅಂತ ಆಸೆ ಹುಟ್ಟಿಸುವವರಿದ್ದಾರೆ. ಮಾಡಿಸಬಹುದು, ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಮೇಲೆ ನನ್ನ ಗಂಟು ಹೊರುವವರು ಯಾರು?