ಟೇಪಿನಲ್ಲಿ ಕರೆಂಟ್ ಎಲ್ಲಿ ತಡೆಯುತ್ತದೆ? ಹುಡುಕುವ ಬಗೆ

ಸೂಪರ್‌ಕಂಡಕ್ಟರ್ ಟೇಪ್ ಅಂದರೆ ತೀರಾ ತಣ್ಣಗಿರುವಾಗ ಕರೆಂಟನ್ನು ತಡೆಯಿಲ್ಲದೆ ಸಾಗಿಸುವ ಪಟ್ಟಿ. ಅದರಲ್ಲಿ ಕರೆಂಟಿಗೆ ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಹುಡುಕಲು ಮೊದಲು ದ್ರವ ನೈಟ್ರೋಜನ್ ಹೊಂದಿಸಿಕೊಳ್ಳಿ. ಕಲಬುರಗಿಯ ಮೇ ತಿಂಗಳಲ್ಲಿ ಅರ್ಧ ಕೆಲಸ ಅದೇ. ದನಗಳ ವೀರ್ಯದ ಕಡ್ಡಿ ಇಡುವ ಕ್ಯಾನ್ ಪಶು ಆಸ್ಪತ್ರೆಯಲ್ಲಿ ನೋಡಿರುತ್ತೀರಿ, ನಾನು ತರುವುದೂ ಅಂಥದ್ದರಲ್ಲೇ. ಅದರ ಬಾಯಿ ಬಿಗಿಯಾಗಿ ಮುಚ್ಚಬೇಡಿ, ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಆ ಆವಿ ಕೋಣೆಯಲ್ಲಿ ತುಂಬಿಕೊಳ್ಳದಂತೆ ಕಿಟಕಿ ತೆರೆದಿಡಿ. "ಬಿಸಿಗಾಳಿ ಬರ್ತದ್ರಿ ಮೇಡಂ" ಅಂತ ಹುಡುಗರು ಗೊಣಗುತ್ತಾರೆ. ಗೊಣಗಲಿ.

ಈಗ ಟೇಪ್. ಅಗಲ 4 ಮಿ.ಮೀ., ದಪ್ಪ ಸುಮಾರು 0.1 ಮಿ.ಮೀ. ಅದರಲ್ಲಿ ಕರೆಂಟ್ ಹೊರುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಪದರ ಒಂದೆರಡು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಮಾತ್ರ. ಕೆಳಗೆ ನಿಕಲ್ ಮಿಶ್ರಲೋಹದ ಪಟ್ಟಿ, ಮೇಲೆ ಬೆಳ್ಳಿ ಮತ್ತು ತಾಮ್ರ. ನಿಕಲ್ ಪಟ್ಟಿಗೂ ಆಕ್ಸೈಡಿಗೂ ನಡುವೆ ಇನ್ನೂ ಕೆಲವು ತೆಳು ಪದರಗಳಿವೆ. ಅವುಗಳ ಕೆಲಸ ಒಂದೇ: ಮೇಲೆ ಬೆಳೆಯುವ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುವಂತೆ ನೋಡಿಕೊಳ್ಳುವುದು.

ಇದನ್ನು ಹೇಳಲು ನಾನು ಲ್ಯಾಬಿನ ನೆಲ ತೋರಿಸುತ್ತೇನೆ. ಶಹಾಬಾದ್ ಫರಸಿ. ಫರಸಿಯಲ್ಲಿ ಸಂದಿಗೆ ಸಿಮೆಂಟ್ ತುಂಬಿದರೆ ಮುಗೀತು. ಇಲ್ಲಿ ಸಂದಿ ಚೂರೂ ಇರದೆ ಹರಳುಗಳು ಅಂಟಿಕೊಂಡಿದ್ದರೂ, ಒಂದು ಓರೆಯಾಗಿ ತಿರುಗಿ ಕೂತಿದ್ದರೆ ಕೆಲಸ ಕೆಟ್ಟಂತೆ. 1988ರಲ್ಲಿ ಐಬಿಎಂ ಕಂಪನಿಯ ವಿಜ್ಞಾನಿಗಳಾದ ಡಿಮೋಸ್, ಚೌಧರಿ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ಎರಡು ಹರಳುಗಳ ನಡುವಿನ ಓರೆ ಎರಡು ಮೂರು ಡಿಗ್ರಿ ಇದ್ದರೆ ಚಿಂತೆಯಿಲ್ಲ. 10 ಡಿಗ್ರಿ ದಾಟಿದರೆ ಸಾಗುವ ಕರೆಂಟ್ ಬಹಳ ಕುಸಿಯುತ್ತದೆ.

ಟೇಪಿನ ಎರಡು ತುದಿಗೆ ಕರೆಂಟ್ ತಂತಿ ಬೆಸೆಯಿರಿ. ನಡುವೆ 2 ಸೆಂ.ಮೀ.ಗೆ ಒಂದರಂತೆ ವೋಲ್ಟೇಜ್ ಅಳೆಯುವ ತಂತಿಗಳು, ಆದರೆ ತುದಿಗೆ ತೀರಾ ಹತ್ತಿರ ಬೇಡ. ಬೆಸೆಯುವಾಗ ಆತುರ ಬೇಡ, ಹಾಗಂತ ಕಾವಿಯನ್ನು (ಸೋಲ್ಡರಿಂಗ್ ಐರನ್) ಹೊತ್ತುಗಟ್ಟಲೆ ಒತ್ತಿ ಹಿಡಿಯಲೂಬೇಡಿ. ನಾನೊಮ್ಮೆ 350 ಡಿಗ್ರಿಯ ಕಾವಿ ಇಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದೆ. ಆ ತುದಿ ಕೊನೆಗೂ ಸರಿಹೋಗಲಿಲ್ಲ. ಬಿಸಿಯಾದರೆ ಹರಳಿನ ಆಕ್ಸಿಜನ್ ಬೆಳ್ಳಿಯ ಮೂಲಕ ಹೊರಟುಬಿಡುತ್ತದೆ, ಪದರಗಳೂ ಬಿಡಿಸಿಕೊಳ್ಳುತ್ತವೆ. ಟೇಪ್ ಬಗ್ಗಿಸಲೇಬೇಕಾದರೆ ಸೂಪರ್‌ಕಂಡಕ್ಟರ್ ಇರುವ ಮಗ್ಗುಲು ಒಳಗೆ ಬರಲಿ. ಆ ಪದರ ಸೆರಾಮಿಕ್, ಅದು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ.

ಥರ್ಮಕೋಲ್ ಪೆಟ್ಟಿಗೆಯಲ್ಲಿ ಟೇಪ್ ಮುಳುಗಿಸಿ, ಕುದಿ ನಿಲ್ಲುವವರೆಗೆ ಕಾಯಿರಿ. ಅಲ್ಲಿಗೆ 77 ಕೆಲ್ವಿನ್, ಅಂದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕರೆಂಟನ್ನು 5 ಆಂಪಿಯರ್‌ನಂತೆ ಏರಿಸಿ, 100 ಸಮೀಪಿಸುತ್ತಲೇ ಒಂದೊಂದೇ. ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಬಂದಾಗಿನ ಕರೆಂಟೇ ಮಿತಿ, ಅಂದರೆ ಟೇಪ್ ತಡೆಯಿಲ್ಲದೆ ಹೊರಬಲ್ಲ ಗರಿಷ್ಠ ಕರೆಂಟ್. 2 ಸೆಂ.ಮೀ. ಅಂತರಕ್ಕೆ ಅದು 2 ಮೈಕ್ರೋವೋಲ್ಟ್. ಅಲ್ಲಿ ನಿಲ್ಲಿಸಿ. ಸುಮ್ನೆ ಇನ್ನೂ ಏರಿಸುತ್ತಾ ಹೋದರೆ ಟೇಪ್ ಸುಟ್ಟುಹೋಗುತ್ತದೆ.

ಸ್ವಾರಸ್ಯ ಇರುವುದು ವೋಲ್ಟೇಜ್ ಏರುವ ರೀತಿಯಲ್ಲಿ. ಒಳ್ಳೆ ಟೇಪಿನಲ್ಲಿ ಅದು ತುಂಬಾ ಹೊತ್ತು ಸೊನ್ನೆಯಲ್ಲೇ ಇದ್ದು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಮೊದಲಿನಿಂದಲೇ ನೇರ ಗೆರೆಯಲ್ಲಿ ಏರಿದರೆ ಅಲ್ಲಿ ಬಿರುಕು ಬಿದ್ದಿದೆ, ಕರೆಂಟ್ ಬೆಳ್ಳಿ-ತಾಮ್ರದ ಮೂಲಕ ಸುತ್ತಿಹೋಗುತ್ತಿದೆ ಅನ್ನಿ. ಏರುವುದು ಮೆತ್ತಗೆ, ಓಲಾಡಿದಂತೆ ಇದ್ದರೆ ಹರಳುಗಳ ಜೋಡಣೆಯಲ್ಲೇ ಏರುಪೇರಿದೆಯೇನೋ ಎಂದು ಅನುಮಾನಿಸಿ. ಒಂದು ತುಂಡಿನಲ್ಲಿ (ಎರಡು ವೋಲ್ಟೇಜ್ ತಂತಿಗಳ ನಡುವಿನ ಭಾಗ) ಮಾತ್ರ ಹೀಗಾದರೆ ತಪ್ಪು ಆ ಜಾಗದ್ದು, ಎಲ್ಲ ತುಂಡಿನಲ್ಲೂ ಆದರೆ ಟೇಪಿನದ್ದೇ.

ಆಮೇಲೆ ಒಂದು ನಿಯೋಡಿಮಿಯಂ ಅಯಸ್ಕಾಂತವನ್ನು ಟೇಪಿನ ಅಗಲದ ಮುಖಕ್ಕೆ ಎದುರಾಗಿ ಹತ್ತಿರ ತನ್ನಿ. ಮಿತಿ ಇಳಿಯುತ್ತದೆ, ಇಳಿಯಲೇಬೇಕು. ಅಯಸ್ಕಾಂತ ದೂರವಿರುವಾಗಲೇ ಪಟ್ಟನೆ ಕುಸಿದರೆ ಹರಳುಗಳು ಓರೆಯಾಗಿ ಕೂಡುವ ಗಡಿಗಳೇ ಕಾರಣ ಇರಬಹುದು, ಅವಕ್ಕೆ ಸಣ್ಣ ಕಾಂತಕ್ಷೇತ್ರವೂ ಆಗಿಬರದು. ಗಟ್ಟಿ ಟೇಪ್ ನಿಧಾನಕ್ಕೆ ಸೋಲುತ್ತದೆ. ಅಲ್ಲಿ ಒಳನುಗ್ಗಿದ ಕ್ಷೇತ್ರದ ಎಳೆಗಳು ಸರಿಯದಂತೆ ಹಿಡಿದಿಡಲು ಬೇರಿಯಂ ಜಿರ್ಕೋನೇಟಿನ ನ್ಯಾನೊ ಕಂಬಗಳನ್ನು ಬೇಕಂತಲೇ ಬೆಳೆಸಿರುತ್ತಾರೆ. ಹರಳಿನೊಳಗೆ ಕಸ ಬೇಕು, ಹರಳುಗಳ ನಡುವೆ ಓರೆ ಬೇಡ. ವಿಚಿತ್ರ ಅಲ್ವಾ?

ಮುಗಿದ ಮೇಲೆ ಟೇಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆಚ್ಚಗಾಗಲು ಬಿಡಿ, ಇಲ್ಲದಿದ್ದರೆ ಗಾಳಿಯ ತೇವ ಮೇಲೆ ಕೂರುತ್ತದೆ. ಈ ಪದರಕ್ಕೆ ನೀರು ಆಗದು. ತಂತಿ ಬಿಚ್ಚುವ ಮುಂಚೆ ಕೈಕೊಟ್ಟ ತುಂಡಿಗೆ ಮಾರ್ಕರಿನಿಂದ ಗುರುತು ಹಾಕಿ. ಆಮೇಲೆ ಮೈಕ್ರೋಸ್ಕೋಪಿಗೆ ಒಯ್ಯುವಾಗ ಎಲ್ಲ ತುಂಡೂ ಒಂದೇ ಥರ ಕಾಣುತ್ತವೆ.