ಪಿಕಪ್ ಕೊನೆಗೂ ಹಳಿ ಹತ್ತಿತು: ನನ್ನ ಅನುಭವ

"ರಬ್ಬರ್ ಟೈರು ಹಳಿ ಮೇಲೆ ನಿಲ್ಲಲ್ಲ, ಸುಮ್ನೆ ದುಡ್ಡು ಹಾಳು" ಅಂತ ವರ್ಕ್‌ಶಾಪಿನಲ್ಲಿ ಎಲ್ಲರೂ ಹೇಳಿದ್ದರು. ಒಂದೂವರೆ ವರ್ಷವಾಯಿತು. ರಸ್ತೆ, ಹಳಿ ಎರಡರಲ್ಲೂ ಓಡುವಂತೆ ಮಾಡಿದ ನನ್ನ ಹಳೇ ಪಿಕಪ್ ಮೂರು ಕಿಲೋಮೀಟರ್ ಖಾಸಗಿ ಕವಲು ಹಳಿ, ಅಂದರೆ ಸೈಡಿಂಗ್‌ನಲ್ಲಿ ವಾರಕ್ಕೆರಡು ಸಲ ಓಡುತ್ತಿದೆ.

ರೆಡಿಮೇಡ್ ಕಿಟ್‌ಗೆ ಪಿಕಪ್ ಬೆಲೆಯ ಮೂರರಷ್ಟು ಕೇಳಿದರು. ಅಲ್ಲೇ ಕೈಬಿಟ್ಟೆ. ನಾನೇ ಮಾಡಿದ್ದಕ್ಕೂ ಪಿಕಪ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಅದರಲ್ಲಿ ಅರ್ಧ, ಮಾಡಿದ್ದನ್ನೇ ಮತ್ತೆ ಮಾಡಿದ್ದಕ್ಕೆ.

ಮೊದಲು ಮಾಡಿದ್ದು ಡ್ರಮ್ ಡ್ರೈವ್. ಹಿಂದಿನ ಟೈರನ್ನು ರೈಲು ಚಕ್ರಕ್ಕೆ ಜೋಡಿಸಿದ ಡ್ರಮ್ಮಿಗೆ (ಉರುಳೆಗೆ) ಒತ್ತಿ ತಿರುಗಿಸುವುದು. ಓಡಿತು. ಆದರೆ ಮೊದಲ ಗೇರು ಹಾಕಿದರೆ ಗಾಡಿ ಹಿಂದಕ್ಕೆ! ಟೈರಿಗೆ ಡ್ರಮ್ ಉಲ್ಟಾ ತಿರುಗುತ್ತೆ ಅನ್ನೋದು ಕಾಗದದ ಮೇಲೆ ಗೊತ್ತಿತ್ತು, ಸೀಟಿನಲ್ಲಿ ಕೂತಾಗ ಮರೆತಿತ್ತು. ಮುಂದಕ್ಕೆ ಹೋಗಲು ಇಡೀ ದಾರಿ ರಿವರ್ಸ್ ಗೇರು. ಅದಾದರೂ ಸಹಿಸಬಹುದು. ಚಕ್ರ ಹಳಿ ಮುಟ್ಟಿ, ಡ್ರಮ್ ಇನ್ನೂ ಟೈರಿಗೆ ತಾಗದ ಆ ಕೆಲವು ಸೆಕೆಂಡು ಗಾಡಿಗೆ ಬ್ರೇಕೇ ಇಲ್ಲ. ಒಮ್ಮೆ ಸಣ್ಣ ಇಳಿಜಾರಿನಲ್ಲಿ ಹತ್ತು ಮೀಟರ್ ತಾನೇ ಹೊರಟಿತು. ಹ್ಯಾಂಡ್‌ಬ್ರೇಕ್ ಎಳೆದುಕೊಂಡು ಕೂತಿದ್ದೆ, ಅದು ಹಿಡಿಯುವುದು ಟೈರನ್ನು, ಏನೂ ಪ್ರಯೋಜನವಿಲ್ಲ. ಅವತ್ತೇ ಬಿಚ್ಚಿದೆ.

ಆಮೇಲೆ ನೇರ ದಾರಿ: ಹಳಿ ಬಿಡದಂತೆ ನಡೆಸುವ ಸಣ್ಣ ರೈಲು ಚಕ್ರಗಳು (ಗೈಡ್ ವೀಲ್) ಗಾಡಿಯ ಮುಂದೂ ಹಿಂದೂ, ಮುಂದಿನ ಟೈರು ಗಾಳಿಯಲ್ಲಿ, ಹಿಂದಿನ ಟೈರೇ ಹಳಿ ಮೇಲೆ ಎಳೆಯಬೇಕು. ಜಪಾನಿನ ಅಸಾ ಕೋಸ್ಟ್ ರೈಲ್ವೆ 2021ರ ಡಿಸೆಂಬರ್‌ನಿಂದ ಮಿನಿಬಸ್ಸಿನಲ್ಲಿ ಜನರನ್ನೇ ಹೀಗೆ ಕರೆದೊಯ್ಯುತ್ತಿದೆ, ನನ್ನ ಪಿಕಪ್‌ಗೇನು ಕಷ್ಟ?

ಕಷ್ಟ ಇತ್ತು. ಗೇಜ್ (ಎರಡು ಹಳಿಗಳ ಒಳ ಅಂಚುಗಳ ಅಂತರ) 1435 ಮಿ.ಮೀ., ಅಂದರೆ ಹಳಿತಲೆಗಳ (ಹಳಿಯ ಮೇಲ್ಭಾಗದ) ನಡುಮಧ್ಯದ ಅಂತರ 1505ರ ಹತ್ತಿರ. ನನ್ನ ಹಿಂದಿನ ಟೈರುಗಳ ನಡುಮಧ್ಯದ ಅಂತರ ಸುಮಾರು 1560. ಟೈರಿನ ಒಳ ಅರ್ಧದ ಮೇಲೇ ಭಾರವೆಲ್ಲ. ಎರಡೇ ತಿಂಗಳಲ್ಲಿ ಆ ಭಾಗ ಕತ್ತಿಯಿಂದ ಕೆತ್ತಿದ ಹಾಗೆ ಸವೆಯಿತು. ರಿಮ್ ಬದಲಿಸಿ ಒಳಗೆ ಸರಿಸಿದರೆ ಟೈರು ಲೀಫ್ ಸ್ಪ್ರಿಂಗಿಗೆ ಉಜ್ಜಿತು. ಸಣ್ಣ ಅಗಲದ ಟೈರು ಹಾಕಿದೆ. ಎರಡು ಸೆಟ್ ಟೈರು, ಒಂದು ಸೆಟ್ ರಿಮ್ ಗೋವಿಂದ.

ಗೈಡ್ ವೀಲ್‌ನಲ್ಲಿ ಇನ್ನೊಂದು ಪೆಟ್ಟು. ಚಕ್ರಗಳ ಒಳಮೈ ಅಂತರ 1360ಕ್ಕೆ ಸೆಟ್ ಮಾಡಿ ವೆಲ್ಡ್ ಮಾಡಿದೆ, ತಣ್ಣಗಾದ ಮೇಲೆ ಅಳೆಯಲೇ ಇಲ್ಲ. ವೆಲ್ಡ್ ಎಳೆದು 1345ಕ್ಕೆ ಇಳಿದಿತ್ತು. ಸೀದಾ ಹಳಿಯಲ್ಲಿ ಏನೂ ಗೊತ್ತಾಗಲಿಲ್ಲ. ಮೊದಲ ಕ್ರಾಸಿಂಗ್‌ನಲ್ಲಿ (ಹಳಿ ಹಳಿಯನ್ನು ದಾಟುವಲ್ಲಿ) ಚೆಕ್ ರೈಲಿಗೆ, ಅಂದರೆ ಚಕ್ರ ದಾರಿ ತಪ್ಪದಂತೆ ಒಳಗೆ ಹಾಕಿದ ಇನ್ನೊಂದು ಹಳಿಗೆ, ಕಿರ್ ಅಂತ ಉಜ್ಜಿ, ಮೇಲೆ ಹತ್ತಿ ಹಳಿಯಿಂದ ಇಳಿದುಬಿಟ್ಟಿತು. ನಾಲ್ಕು ಜನ ಜಾಕ್ ಹಿಡಿದು ಅರ್ಧ ದಿನ ಬೆವರು ಸುರಿಸಿದೆವು. ಈಗ ಆ ಆಕ್ಸಲ್‌ಗೆ ಬೋಲ್ಟು ಮತ್ತು ಶಿಮ್ (ಅಂತರ ಸರಿಪಡಿಸುವ ತೆಳು ತಗಡು), ವೆಲ್ಡ್ ಇಲ್ಲ.

ನಿಜವಾದ ಗುಟ್ಟು ಇರುವುದು ಭಾರ ಹಂಚುವುದರಲ್ಲಿ. ಹಿಂದಿನ ಗೈಡ್ ವೀಲ್ ಸುಮಾರು 350 ಕೆ.ಜಿ. ಹೊತ್ತರೆ ಒದ್ದೆ ಹಳಿಯಲ್ಲಿ ಟೈರು ಸುಮ್ನೆ ತಿರುಗುತ್ತೆ. 100ಕ್ಕೆ ಇಳಿಸಿದರೆ ಹಳಿ ಜಾಯಿಂಟ್‌ನಲ್ಲಿ ಚಕ್ರ ಕುಣಿಯುತ್ತೆ. ಕೊನೆಗೆ ನಿಂತ ಲೆಕ್ಕ ಇವೆರಡರ ನಡುವೆ ಇದೆ. ಆ ಚಕ್ರವನ್ನು ಹಳಿಗೆ ಒತ್ತುವ ಸ್ಪ್ರಿಂಗ್ ಎಲ್ಲಿಂದ ತಂದೆ ಅಂತ ಕೇಳಬೇಡಿ, ಅದಕ್ಕೆ ಆರು ತಿಂಗಳು ಕೊಟ್ಟಿದ್ದೇನೆ.

ಒಂದು ಮಾತ್ರ ಮುಚ್ಚಿಡಲ್ಲ. ಗೈಡ್ ವೀಲನ್ನು ಇಳಿಸಿ ಹಿಡಿಯುವ ಹೈಡ್ರಾಲಿಕ್ ಸಿಲಿಂಡರ್ ನಂಬಬೇಡಿ, ಲಾಕ್ ಪಿನ್ ಹಾಕಿ. ರಾತ್ರಿಯಿಡೀ ನಿಂತಿದ್ದ ಗಾಡಿಯ ಸೀಲ್ ಸೋರಿ, ಬೆಳಿಗ್ಗೆ ಮುಂದಿನ ಟೈರು ಹಳಿ ಮೇಲೆ ಕೂತಿತ್ತು. ಮುಂದಿನ ಟೈರು ಎತ್ತಿದ ಮೇಲೆ ಅರ್ಧ ಬ್ರೇಕು ಹೋದ ಹಾಗೆ, ಅದಕ್ಕೆ ಮುಂದಿನ ಗೈಡ್ ವೀಲ್‌ಗೂ ಡಿಸ್ಕ್ ಬ್ರೇಕ್ ಹಾಕಿದ್ದೇನೆ. ಆದರೂ ಮಳೆಯಲ್ಲಿ ಗಂಟೆಗೆ 15 ಕಿ.ಮೀ. ಮೇಲೆ ಓಡಿಸಲ್ಲ.

ಮೊದಲ ಸಲ ಹಳಿ ಹತ್ತಿಸಲು ಮುಕ್ಕಾಲು ಗಂಟೆ ಹಿಡಿದಿತ್ತು. ಈಗ ಲೆವೆಲ್ ಕ್ರಾಸಿಂಗ್‌ನಲ್ಲಿ ನಾಲ್ಕು ನಿಮಿಷ. "ನಿಲ್ಲಲ್ಲ" ಅಂದವರಲ್ಲಿ ಒಬ್ಬರು ಮೊನ್ನೆ ಟೇಪ್ ಹಿಡಿದು ಗಾಡಿ ಕೆಳಗೆ ಮಲಗಿದ್ದರು. ಸ್ಪ್ರಿಂಗ್ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆ.