ಹಗ್ಗ ಎಲ್ಲಿ ಬೀಳಬೇಕೆಂದು ನಾನು ಹೇಳುವುದಿಲ್ಲ

ಕಡಲೆ ಕೀಳುವ ದಿನಗಳಲ್ಲಿ ಗದಗ ಸೀಮೆಯ ಎರೆ ಹೊಲಕ್ಕೆ ನಸುಕಿನಲ್ಲೇ ಇಳಿಯಬೇಕು. ಬಿಸಿಲೇರಿದರೆ ಕಾಯಿ ಉದುರುತ್ತದೆ. ಇಬ್ಬನಿಯಲ್ಲಿ ಕಿತ್ತರೆ ಗಿಡದ ಹುಳಿ ಕೈಗೆ ಹತ್ತಿ ಚುರುಚುರು ಅನ್ನುತ್ತದೆ. ಗ್ರಾಮ ಲೆಕ್ಕಿಗನಾಗಿ ಬೆಳೆ ಕಟಾವು ಪ್ರಯೋಗಕ್ಕೆ, ಅಂದರೆ ಹೊಲದ ಒಂದು ತುಂಡು ಕೊಯ್ದು ಇಳುವರಿ ಅಂದಾಜು ಮಾಡುವ ಕೆಲಸಕ್ಕೆ, ನಾನು ಮೊದಲ ಸಲ ಹೋದದ್ದು ಇಂಥದೇ ಒಂದು ನಸುಕಿನಲ್ಲಿ. ಹೆಗಲ ಚೀಲದಲ್ಲಿ ಹಗ್ಗ, ನಾಲ್ಕು ಗೂಟ, ಟೇಪು, ತಕ್ಕಡಿ ಮತ್ತು ಯಾವ ಕ್ರಮವೂ ಇಲ್ಲದ ಅಂಕಿ ತುಂಬಿದ ಒಂದು ಹಾಳೆ ಇದ್ದವು. ಆ ಹಾಳೆಗೆ ರ‍್ಯಾಂಡಮ್ ನಂಬರ್ ಟೇಬಲ್ ಅನ್ನುತ್ತಾರೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಅದನ್ನು ಪರೀಕ್ಷೆಗೆಂದು ಬಳಸಿದ್ದೆ. ಅದು ಯಾಕೆ ಬೇಕೆಂಬುದು ತಿಳಿದದ್ದು ಹೊಲದಲ್ಲಿ ನಿಂತಾಗ.

ಹೊಲದ ಯಜಮಾನರು ಬದುವಿನ ಮೇಲೆ ಕಾಯುತ್ತಿದ್ದರು. "ಸಾಹೇಬ್ರ, ಈ ಕಡೆ ಹಾಕ್ರಿ ಹಗ್ಗಾ. ಇಲ್ಲಿ ನೋಡಿದ್ರನ ನಮ್ಮ ಪರಿಸ್ಥಿತಿ ತಿಳೀತದ" ಎಂದು ಗಿಡ ಒಣಗಿದ ಮೂಲೆ ತೋರಿಸಿದರು. ವಿಮೆ ಕಂಪನಿಯಿಂದ ಬಂದ ಹುಡುಗ ಹೊಲದ ನಡುವೆ ದಟ್ಟವಾಗಿ ಬೆಳೆದ ಜಾಗ ತೋರಿಸಿದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಎರಡೂ ಅದೇ ಹೊಲ. ಆದರೆ ಪಂಚಾಯಿತಿಯ ಸರಾಸರಿ ಇಳುವರಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗೆ ಬಂದರೆ ಆ ಬೆಳೆಗೆ ವಿಮೆ ಕಟ್ಟಿದ ಅಲ್ಲಿಯ ರೈತರಿಗೆಲ್ಲ ಪರಿಹಾರ ಸಿಗುತ್ತದೆ, ಬರದಿದ್ದರೆ ಇಲ್ಲ. ನಾನು ಹಗ್ಗ ಎಳೆಯುವ ಜಾಗದ ಮೇಲೆ ಅಷ್ಟೂ ಮನೆಗಳ ಲೆಕ್ಕ ನಿಂತಿರುತ್ತದೆ. ಅದಕ್ಕೇ ಆ ಜಾಗವನ್ನು ರೈತರೂ ಆರಿಸಬಾರದು, ಕಂಪನಿಯೂ ಆರಿಸಬಾರದು, ಮುಖ್ಯವಾಗಿ ನಾನೂ ಆರಿಸಬಾರದು. ನನ್ನ ಕಣ್ಣು ಎಷ್ಟೇ ಪ್ರಾಮಾಣಿಕವಾಗಿದ್ದರೂ ತನಗೆ ಗೊತ್ತಿಲ್ಲದಂತೆಯೇ ಒಂದು ಕಡೆಗೆ ವಾಲುತ್ತದೆ.

ಕ್ರಮ ಹೀಗಿದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಲ್ಲಬೇಕು. ಉದ್ದ ಅಗಲ ಎರಡನ್ನೂ ಹೆಜ್ಜೆಯಲ್ಲಿ ಅಳೆಯಬೇಕು. ಆ ದಿನ ಉದ್ದ 120 ಹೆಜ್ಜೆ, ಅಗಲ 64 ಹೆಜ್ಜೆ ಬಂತು. ಕೊಯ್ಯುವ ತುಂಡು 5 ಮೀಟರ್ ಉದ್ದ, 5 ಮೀಟರ್ ಅಗಲದ್ದು. 5 ಮೀಟರ್ ಅಂದರೆ ನನ್ನ ಕಾಲಿಗೆ 7 ಹೆಜ್ಜೆ. ತುಂಡು ಹೊಲದ ಆಚೆ ಹೋಗಬಾರದು, ಆದ್ದರಿಂದ 7 ಕಳೆದು ಉದ್ದಕ್ಕೆ 113, ಅಗಲಕ್ಕೆ 57 ಉಳಿಯಿತು. ಹಾಳೆಯಲ್ಲಿ ಮೂರಂಕಿಯ ಸಂಖ್ಯೆ 438 ಬಂತು. ಅದನ್ನು 113ರಿಂದ ಭಾಗಿಸಿದರೆ ಶೇಷ 99. ಅಗಲಕ್ಕೆ ಬಂದದ್ದು 71, ಅದನ್ನು ಬಿಟ್ಟು ಮುಂದಿನದು 26. ಉದ್ದಕ್ಕೆ 99 ಹೆಜ್ಜೆ, ಅಲ್ಲಿಂದ ಒಳಗೆ 26 ಹೆಜ್ಜೆ ನಡೆದು ಮೊದಲ ಗೂಟ ಹೊಡೆದೆ.

71ನ್ನು ಯಾಕೆ ಬಿಟ್ಟೆ ಎಂದು ಆ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. 57ಕ್ಕಿಂತ ಹೆಚ್ಚಿನ ಎರಡಂಕಿಯ ಸಂಖ್ಯೆಗಳನ್ನೂ ಭಾಗಿಸಿ ಶೇಷ ತೆಗೆದುಕೊಂಡರೆ 1ರಿಂದ 42ರವರೆಗಿನ ಜಾಗಗಳಿಗೆ ಎರಡೆರಡು ಅವಕಾಶ, 43ರಿಂದ 57ಕ್ಕೆ ಒಂದೊಂದೇ. ಅದೇ ಕಾರಣಕ್ಕೆ ಮೂರಂಕಿಯಲ್ಲೂ 113ರ ಎಂಟು ಪಟ್ಟು, ಅಂದರೆ 904ರ ಆಚೆಗಿನವನ್ನು ಬಿಡುತ್ತೇನೆ. ಪ್ರತಿ ಜಾಗಕ್ಕೂ ಸಮಾನ ಅವಕಾಶ ಇರಬೇಕು ಎಂಬ ಪಠ್ಯಪುಸ್ತಕದ ಮಾತಿಗೆ ಹೊಲದಲ್ಲಿ ಇಷ್ಟೇ ಅರ್ಥ.

ಗೂಟ ಹೊಡೆದ ಮೇಲೂ ಕೆಲಸ ಸೂಕ್ಷ್ಮವೇ. ಹಗ್ಗದ ಮೇಲೆ ಬಂದ ಗಿಡದ ಬೇರು ಒಳಗಿದ್ದರೆ ಮಾತ್ರ ಅದು ಲೆಕ್ಕಕ್ಕೆ ಸೇರಬೇಕು. ಆದರೆ ಕೀಳುವವರ ಕೈ ಸಹಜವಾಗಿ ಅಂಚಿನ ಗಿಡವನ್ನೂ ಒಳಗೆ ಎಳೆದುಕೊಳ್ಳುತ್ತದೆ. ನಾಲ್ಕೂ ಕಡೆ ಹಗ್ಗ ಬರೀ 10 ಸೆಂಟಿಮೀಟರ್ ಹೊರಗೆ ಸರಿದರೆ 25 ಚದರ ಮೀಟರ್ ಹೋಗಿ 27 ಆಗುತ್ತದೆ, ಅಂದರೆ ಇಳುವರಿ ಶೇಕಡಾ 8ರಷ್ಟು ಸುಳ್ಳೇ ಏರುತ್ತದೆ. ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 4 ಅಡಿ ತ್ರಿಜ್ಯದ ಪುಟ್ಟ ವೃತ್ತಗಳನ್ನು ಕೊಯ್ಯಿಸಿದ್ದರು. ಅಂಥ ವೃತ್ತಕ್ಕೆ ಅದೇ 10 ಸೆಂಟಿಮೀಟರ್ ತಪ್ಪು ಸೇರಿದರೆ ಶೇಕಡಾ 17 ಹೆಚ್ಚಾಗುತ್ತದೆ. ಸಣ್ಣ ತುಂಡು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತದೆ ಎಂದು 1940ರ ದಶಕದಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ವಾದಿಸಿದ್ದು ಈ ಅಂಚಿನ ಕಾರಣಕ್ಕೇ. ಚೀಟಿ ಹಾಕಿ ಜಾಗ ಆರಿಸಿದರೂ ಈ ತಪ್ಪು ಹೋಗುವುದಿಲ್ಲ, ಎಷ್ಟು ಹೊಲ ಅಳೆದರೂ ಹೋಗುವುದಿಲ್ಲ. ಹಗ್ಗ ಬಿಗಿಯಾಗಿ ಎಳೆದು, ಮೂಲೆಯಿಂದ ಮೂಲೆಗೆ ಕರ್ಣ ಅಳೆದು, ಕೀಳುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುವುದೊಂದೇ ದಾರಿ.

ನನ್ನದೇ ತಪ್ಪೊಂದನ್ನು ಹೇಳಬೇಕು. ಆಗ ಇನ್ನೂ ಕಾಗದದ ನಮೂನೆ ತುಂಬುತ್ತಿದ್ದೆವು. ಒಂದು ಪಂಚಾಯಿತಿಗೆ ಒಂದು ಬೆಳೆಗೆ ನಾಲ್ಕು ಕಟಾವು. ಮೂರು ಮುಗಿದಿದ್ದವು, ಕಾಳಿನ ತೂಕ 1.9, 2.1, 1.8 ಕಿಲೋ. ನಾಲ್ಕನೆಯ ಸರ್ವೆ ನಂಬರಿಗೆ ಹೋದರೆ ಎರಡು ದಿನ ಮೊದಲೇ ಕಡಲೆ ಕಿತ್ತಾಗಿತ್ತು. ಇಂಥಲ್ಲಿ ಮುಂದಿನ ಸರ್ವೆ ನಂಬರುಗಳಲ್ಲಿ ಆ ಬೆಳೆ ಇರುವ ಮೊದಲ ಹೊಲ ಹಿಡಿಯಬೇಕು. ಅದು ಹಳ್ಳದ ಆಚೆ ಇತ್ತು, ಹೊತ್ತು ಏರಿತ್ತು. ನಾನು ರಸ್ತೆಗೆ ಹತ್ತಿದ ಒಂದು ಹೊಲದಲ್ಲಿ ಹಗ್ಗ ಎಳೆದೆ. 2.9 ಕಿಲೋ ಬಂತು.

ನಮ್ಮ ಮೇಲಿನವರು ನಮೂನೆ ನೋಡಿ ಒಂದೇ ಮಾತು ಕೇಳಿದರು: "ಈ ಹೊಲಾ ಯಾರು ಆರಿಸಿದ್ರು?" ನಾಲಿಗೆ ಹೊರಳಲಿಲ್ಲ. ರಸ್ತೆ ಬದಿಯ ಹೊಲ ಅಂದರೆ ಗೊಬ್ಬರದ ಗಾಡಿ ಸಲೀಸಾಗಿ ಹೋಗುವ ಹೊಲ. ಮಳೆಯಲ್ಲಿ ಎರೆಮಣ್ಣಿನ ಬಂಡಿದಾರಿ ಮುಚ್ಚಿಹೋದಾಗಲೂ ಅಲ್ಲಿಗೆ ಔಷಧಿ ಹೊತ್ತಿಗೆ ಮುಟ್ಟುತ್ತದೆ. ನನಗೆ ಹೋಗಲು ಅನುಕೂಲವಾದದ್ದು ಬೆಳೆಗೂ ಅನುಕೂಲವಾಗಿತ್ತು. ಅದನ್ನು ಹೊಡೆದುಹಾಕಿಸಿ ಮರುದಿನ ನನ್ನನ್ನು ಹಳ್ಳದಾಚೆ ಕಳಿಸಿದರು. ಅಲ್ಲಿ ಸಿಕ್ಕದ್ದು 1.8. ಸರಾಸರಿ 2.175ರಿಂದ 1.9ಕ್ಕೆ ಇಳಿಯಿತು. 25 ಚದರ ಮೀಟರನ್ನು ಹೆಕ್ಟೇರಿಗೆ ತರಲು 400ರಿಂದ ಗುಣಿಸುತ್ತೇವೆ. ಹಾಗಾಗಿ 870 ಕಿಲೋ ಆಗಬೇಕಿದ್ದದ್ದು 760 ಆಯಿತು. ಒಂದು ಸೋಮಾರಿತನಕ್ಕೆ ಹೆಕ್ಟೇರಿಗೆ ಒಂದು ಕ್ವಿಂಟಲ್‌ಗೂ ಮಿಕ್ಕಿದ ವ್ಯತ್ಯಾಸ. ಎಷ್ಟೋ ದಿನ ಅದು ಮನಸ್ಸನ್ನು ಕೊರೆಯಿತು.

ನಾಲ್ಕೇ ತುಂಡಿನಿಂದ ಇಡೀ ಪಂಚಾಯಿತಿಯ ಬೆಳೆ ಹೇಗೆ ತಿಳಿಯುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅನುಮಾನ ನ್ಯಾಯವಾದದ್ದೇ. ಹಳ್ಳದ ದಂಡೆಯ ಆಳ ಎರೆಗೂ ದಿಬ್ಬದ ಗರಸು ನೆಲಕ್ಕೂ ಇಳುವರಿ ಅಜಗಜಾಂತರ. ಚೀಟಿ ನಾಲ್ಕನ್ನೂ ಒಂದೇ ಕಡೆ ಬೀಳಿಸಬಹುದು, ಅದು ಮೋಸವಲ್ಲ, ಆದರೂ ಅಂದಾಜು ಕೆಡುತ್ತದೆ. ನನ್ನ ಕೈಯಲ್ಲಿದ್ದರೆ ಮೊದಲು ನೆಲವನ್ನು ಎರೆ, ಗರಸು ಎಂದು ಎರಡು ಸ್ತರ, ಅಂದರೆ ಗುಂಪು, ಮಾಡಿ, ಒಂದೊಂದರ ವಿಸ್ತೀರ್ಣಕ್ಕೆ ತಕ್ಕಂತೆ ಒಳಗೆ ಚೀಟಿ ಹಾಕುತ್ತಿದ್ದೆ.

ಇಷ್ಟೆಲ್ಲ ಕಟಾವು ನೋಡಿದ ನನ್ನ ಕಾಕಾ ಒಂದಿನ ಕೇಳಿದರು: "ಬೀಜೋಪಚಾರ ಮಾಡಿದ್ರ ಕಡ್ಲಿ ಹೆಚ್ಚು ಬರ್ತೈತೇನೋ ತಮ್ಮಾ? ನಿನ್ನ ಲೆಕ್ಕದಾಗ ಕಾಣಂಗಿಲ್ಲೇನು?" ಕಾಣುವುದಿಲ್ಲ. ಬೀಜಕ್ಕೆ ರೈಜೋಬಿಯಂ (ಬೇರಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಿ ಬಿತ್ತುವವರು ಬಹುಪಾಲು ಗೊಬ್ಬರವನ್ನೂ ಹೆಚ್ಚು ಹಾಕುತ್ತಾರೆ, ಕಳೆಯನ್ನೂ ಹೊತ್ತಿಗೆ ತೆಗೆಸುತ್ತಾರೆ. ಅವರ ಹೊಲ ಚೆನ್ನಾಗಿದ್ದರೆ ಪುಣ್ಯ ಯಾವುದಕ್ಕೆ ಸೇರಬೇಕು? ಇದ್ದದ್ದನ್ನು ಅಳೆಯುವುದು ಸಮೀಕ್ಷೆ. ಕಾರಣ ಬೇಕಾದರೆ ಪ್ರಯೋಗವನ್ನೇ ಮಾಡಬೇಕು. ಅವರ ಹೊಲದಲ್ಲೇ ಮಾಡಿದೆವು.

ಕಾಕಾ "ಒಂದ್ ಬಿಟ್ಟು ಒಂದ್ ಪಟ್ಟಿಗೆ ಹಚ್ಚಿದ ಬೀಜ ಹಾಕೂಣು" ಅಂದರು. ನಾನು ಬೇಡವೆಂದೆ. ಅವರದು ನಾಲ್ಕು ಸಾಲಿನ ಎತ್ತಿನ ಕೂರಿಗೆ. ಹೊಲ ಸ್ವಲ್ಪ ಏರು. ಏರುವಾಗ ಎತ್ತು ನಿಧಾನ, ಬೀಜ ಬಿಡುವ ಕೈ ಮಾತ್ರ ಒಂದೇ ವೇಗ, ಹಾಗಾಗಿ ಆ ಸಾಲುಗಳಲ್ಲಿ ಬೀಜ ಒತ್ತಾಗಿ ಬೀಳುತ್ತದೆ. ಇಳಿಯುವಾಗ ತೆಳು. ಒಂದು ಬಿಟ್ಟು ಒಂದು ಮಾಡಿದರೆ ಹಚ್ಚಿದ ಬೀಜವೆಲ್ಲ ಏರುವ ಪಟ್ಟಿಗೇ ಹೋಗುತ್ತಿತ್ತು. ಅದಕ್ಕೆ ಹೋಗಿ ಬರುವ ಎರಡೆರಡು ಪಟ್ಟಿಗಳನ್ನು ಜೋಡಿ ಮಾಡಿ, ಆರು ಜೋಡಿ ಹಾಕಿ, ಪ್ರತಿ ಜೋಡಿಯಲ್ಲೂ ಯಾವ ಪಟ್ಟಿಗೆ ಯಾವ ಬೀಜ ಎಂದು ರೂಪಾಯಿ ಚಿಮ್ಮಿ ತೀರ್ಮಾನಿಸಿದೆವು. ಸುಗ್ಗಿಯಲ್ಲಿ ಪಟ್ಟಿಯ ಅಂಚಿನ ಸಾಲು ಬಿಟ್ಟು ನಡುವಿನ ಎರಡು ಸಾಲು ಕಿತ್ತು, ಚೀಲಕ್ಕೆ ಬರೀ ನಂಬರು ಕಟ್ಟಿದೆವು. ತೂಗಿದವರು ಚಿಗವ್ವ. ಯಾವ ಚೀಲ ಯಾವುದೆಂದು ಅವರಿಗೆ ತಿಳಿಸಿರಲಿಲ್ಲ.

ಆರರಲ್ಲಿ ಐದು ಜೋಡಿಯಲ್ಲಿ ಹಚ್ಚಿದ ಬೀಜದ ಕಾಳು ಹೆಚ್ಚು ತೂಗಿತು. ಕಾಕಾ ಅಲ್ಲಿಗೇ ಒಪ್ಪಿದರು. ನಾನು ಕಡಲೆ ಸಿಪ್ಪೆಯ ರಾಶಿಯ ಪಕ್ಕ ಕೂತು ಲೆಕ್ಕ ಬಿಡಿಸಿ ತೋರಿಸಿದೆ: ಬೀಜೋಪಚಾರದಿಂದ ಏನೂ ಆಗದಿದ್ದರೂ ಆರಕ್ಕೆ ಐದೋ ಆರೋ ಹಾಗೆ ಬೀಳುವ ಸಾಧ್ಯತೆ 64ರಲ್ಲಿ 7, ಹೆಚ್ಚುಕಡಿಮೆ ಒಂಬತ್ತಕ್ಕೊಂದು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬರೂ ಹಿಂಗಾರಿಗೆ ಹತ್ತು ಜೋಡಿ ಹಾಕೂಣು" ಅಂದರು. ಗೂಟ ಕೆತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ.